ಹೂವಾಡುವ ಹೊತ್ತಿಗೇ ಮಣ್ಣಿಗೆ ಸೇರಬೇಕಾದ ಸೆಣಬು

ರಾಸಾಯನಿಕ ಗೊಬ್ಬರ ನಿಲ್ಲಿಸಿದ ವರ್ಷ ನಮ್ಮ ಮನೆಮಂದಿಯನ್ನೆಲ್ಲ ಕಾಡಿದ ಪ್ರಶ್ನೆ ಒಂದೇ: ಯೂರಿಯಾ ಒದಗಿಸುತ್ತಿದ್ದ ಸಾರಜನಕವನ್ನು ಇನ್ನು ಎಲ್ಲಿಂದ ತರುವುದು? ಎರಡು ಹಸುಗಳ ಕೊಟ್ಟಿಗೆ ಗೊಬ್ಬರ ತರಕಾರಿ ಮಡಿಗಳಿಗೇ ಸಾಲುತ್ತಿರಲಿಲ್ಲವಾದ್ದರಿಂದ, ಉಳಿದ ಒಂದು ಎಕರೆಗೆ ಹಸಿರೆಲೆ ಗೊಬ್ಬರವಾಗಿ ಸೆಣಬು ಬಿತ್ತಲು ತೀರ್ಮಾನಿಸಿದೆವು.

ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ 20 ಕಿಲೋ ಬೀಜವನ್ನು ಒತ್ತಾಗಿ ಚೆಲ್ಲಿದೆವು. ಪೈರು ದಟ್ಟವಾದಷ್ಟೂ ಕಾಂಡ ತೆಳ್ಳಗಿದ್ದು ಬೇಗ ಕೊಳೆಯುತ್ತದೆ, ಕಳೆಗೆ ಬಿಸಿಲೂ ಸಿಗುವುದಿಲ್ಲ. ತಿಂಗಳು ಕಳೆದ ಮೇಲೆ ಒಂದು ಗಿಡವನ್ನು ಮಣ್ಣುಸಮೇತ ಎಬ್ಬಿಸಿ ನೀರಿನಲ್ಲಿ ಅಲುಗಿಸಿದಾಗ ಬೇರಿನ ಉದ್ದಕ್ಕೂ ಸಣ್ಣ ಗಂಟುಗಳು ಕಂಡವು. ಒಂದನ್ನು ಉಗುರಿನಿಂದ ಸೀಳಿದೆ; ಒಳಗೆ ತಿಳಿಗೆಂಪು. ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತಿವೆ ಎಂಬುದಕ್ಕೆ ಆ ಕೆಂಪೇ ಗುರುತು. ಇಂದಿಗೂ ಪ್ರತಿ ವರ್ಷ ಈ ಪರೀಕ್ಷೆಯನ್ನು ನಾನು ತಪ್ಪಿಸುವುದಿಲ್ಲ.

ಎಡವಿದ್ದು ನಂತರ. ಇನ್ನಷ್ಟು ಸೊಪ್ಪು ಸಿಗಲೆಂಬ ಆಸೆಯಿಂದ ಕಾಯಿ ಕಟ್ಟುವವರೆಗೂ ಪೈರನ್ನು ಬಿಟ್ಟೆ. ಸೆಣಬು ಮೂಲತಃ ನಾರಿನ ಬೆಳೆ. ಅಷ್ಟರಲ್ಲಿ ಕಾಂಡ ಬಲಿತು ನೇಗಿಲಿಗೆ ಸುತ್ತಿಕೊಳ್ಳತೊಡಗಿತ್ತು. ಹೇಗೋ ಉತ್ತು, ಒಂದೇ ವಾರದಲ್ಲಿ ಮುಸುಕಿನ ಜೋಳ ಬಿತ್ತಿದೆ. ಮೊಳಕೆ ಚೆನ್ನಾಗಿಯೇ ಬಂದರೂ ಎರಡು ವಾರಕ್ಕೆ ಎಲೆಗಳು ಹಳದಿಗೆ ತಿರುಗಿದವು, ಏಕೆಂದರೆ ಬಲಿತ ನಾರನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೂ ತಾವೇ ಬಳಸಿಕೊಳ್ಳುತ್ತಿದ್ದವು. "ಭೂಮಿ ಇನ್ನೂ ಅದನ್ನು ಅರಗಿಸಿಕೊಂಡಿಲ್ಲ ಕಣಪ್ಪಾ, ನೀನು ಅವಸರ ಮಾಡಿದೆ" ಎಂದರು ಅಪ್ಪ. ಹತ್ತು ಪಾಲು ನೀರು ಬೆರೆಸಿದ ಗಂಜಲವನ್ನು ಬುಡಕ್ಕೆ ಹಾಕಿ ಬೆಳೆಯನ್ನು ಒಂದಿಷ್ಟು ಉಳಿಸಿಕೊಂಡೆವು. ಇಳುವರಿ ಮಾತ್ರ ಕುಸಿಯಿತು.

ಮರುವರ್ಷ ಸುಮಾರು 45 ದಿನಕ್ಕೆ, ಮೊದಲ ಹಳದಿ ಹೂ ಕಂಡೊಡನೆ ಕೊಯ್ದು, ತುಂಡರಿಸಿ, ಒಂದು ದಿನ ಬಾಡಲು ಬಿಟ್ಟು, ಮೇಲ್ಮಣ್ಣಿನಲ್ಲೇ ಸೇರಿಸಿದೆವು. ಮೂರು ವಾರ ಕಾದೆವು. ಬಿತ್ತುವ ಮುನ್ನ ಒಂದು ಹಿಡಿ ಮಣ್ಣೆತ್ತಿ ಮೂಸಿದಾಗ ಹುಳಿ ವಾಸನೆ ಇರಲಿಲ್ಲ, ಕಾಂಡದ ಚೂರುಗಳು ಬೆರಳಿನ ನಡುವೆ ಪುಡಿಯಾದವು. ಆ ವರ್ಷ ಜೋಳದ ಎಲೆ ಕೊನೆಯವರೆಗೂ ಕಡುಹಸಿರಾಗಿಯೇ ಇತ್ತು.

ಈಗ ಅಂಚಿನಲ್ಲಿ ಒಂದು ಪಟ್ಟಿಯನ್ನು ಬೀಜಕ್ಕೆಂದೇ ಕೊಯ್ಯದೆ ಬಿಡುತ್ತೇವೆ. ಅದರ ಹೂವಿಗೆ ದೊಡ್ಡ ಕಪ್ಪು ದುಂಬಿಗಳು ಬರುತ್ತವೆ. ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ಒಳಗೆ ಬೀಜ ಗಲಗಲ ಎಂದರೆ ಮಾತ್ರ ಅಮ್ಮ ಕೊಯ್ಯಲು ಹೇಳುತ್ತಾರೆ.