ಸಮಚಿಹ್ನೆಯನ್ನು ಓದಿಸಿದ ಬಗೆ

ಸಮೀಕರಣದ ಪಾಠ ಶುರು ಮಾಡುವ ಮೊದಲು ಕಪ್ಪು ಹಲಗೆಯ ಮೇಲೆ 8 + 4 = □ + 5 ಎಂದು ಬರೆಯುತ್ತೇನೆ. ಚೌಕದಲ್ಲಿ ಏನು ಬರಬೇಕೆಂದು ಕೇಳಿದರೆ ಬಹಳಷ್ಟು ಮಕ್ಕಳು 12 ಎನ್ನುತ್ತಾರೆ. ಕೆಲವರು ಕಂಡದ್ದನ್ನೆಲ್ಲ ಕೂಡಿಸಿ 17 ಎನ್ನುವುದೂ ಉಂಟು. ಬರಬೇಕಾದದ್ದು 7. ಇವರು ಸಂಕಲನ ಬಾರದವರಲ್ಲ. ಎಡಕ್ಕೆ ಲೆಕ್ಕ, ಬಲಕ್ಕೆ ಉತ್ತರ ಎಂದು ವರ್ಷಗಟ್ಟಲೆ ಬರೆದವರಿಗೆ ಸಮಚಿಹ್ನೆಯ ಆ ಎರಡು ಗೆರೆಗಳು ‘ಈಗ ಉತ್ತರ ಬರೆ’ ಎಂಬ ಅಪ್ಪಣೆಯಾಗಿಬಿಟ್ಟಿವೆ. ಕ್ಯಾಲ್ಕುಲೇಟರಿನ ಗುಂಡಿ ಮಾಡುವುದೂ ಅದನ್ನೇ.

ಹಾಗಾಗಿ ಮೊದಲು ಗಟ್ಟಿಯಾಗಿ ಓದಿಸುತ್ತೇನೆ: ‘ಎಡಬದಿಯ ಬೆಲೆಯೂ ಬಲಬದಿಯ ಬೆಲೆಯೂ ಒಂದೇ.’ ಆಮೇಲೆ ಸರಿಯೋ ತಪ್ಪೋ ಹೇಳಿಸುತ್ತೇನೆ: 12 = 7 + 5, 10 − 3 = 5 + 1, 9 = 9. ಜಗಳ ಜೋರಾಗುವುದು ಕೊನೆಯದರ ಮೇಲೆ. ‘ಇದರಲ್ಲಿ ಮಾಡಲು ಏನೂ ಇಲ್ಲವಲ್ಲ ಸರ್, ಹೇಗೆ ಸರಿ?’ ಈ ಪ್ರಶ್ನೆ ಎದ್ದರೆ ಅರ್ಧ ಕೆಲಸ ಆದಂತೆ. ಮುಂದಿನದು 38 + 27 = 37 + □. ಇದನ್ನು ಕೂಡಿಸದೆ ಮಾಡಬೇಕು ಎನ್ನುತ್ತೇನೆ. 38 ಒಂದು ಇಳಿದು 37 ಆಗಿದೆ, ಆದ್ದರಿಂದ 27 ಒಂದು ಏರಿ 28 ಆಗಬೇಕು ಎಂದು ಯಾರಾದರೊಬ್ಬರು ಹೇಳುವವರೆಗೆ ಕಾಯುತ್ತೇನೆ.

ನನಗೆ ಸಿಟ್ಟು ಬರಿಸುವ ಬರವಣಿಗೆ ಒಂದಿದೆ: 15 + 20 = 35 + 8 = 43. ಉತ್ತರ ಸರಿ ಬಂತಲ್ಲ ಎಂದು ಬಿಟ್ಟುಬಿಡುವವರಿದ್ದಾರೆ, ನಾನು ಬಿಡುವುದಿಲ್ಲ. ಓದಿಸಿದರೆ 35 ಮತ್ತು 43 ಒಂದೇ ಎಂದಾಗುತ್ತದೆ, ಬರೆದವರೇ ನಗುತ್ತಾರೆ. ಒಂದೊಂದು ಹೆಜ್ಜೆಗೆ ಒಂದೊಂದು ಸಾಲು ಎಂಬ ನಿಯಮವನ್ನು ಅಲ್ಲಿಂದ ಕಡ್ಡಾಯ ಮಾಡುತ್ತೇನೆ.

ಸಮೀಕರಣದ ಎರಡು ಬದಿಗಳನ್ನು ಸಮತೂಕದ ತಟ್ಟೆಗಳಾಗಿ ತೋರಿಸುವ ತಕ್ಕಡಿಯ ಚಿತ್ರವನ್ನು ಬೇಗ ಕೈಬಿಡುತ್ತೇನೆ, ಋಣಸಂಖ್ಯೆ ಬಂದೊಡನೆ ಅದು ಕೈಕೊಡುತ್ತದೆ. ‘ಆಚೆ ಹೋದರೆ ಚಿಹ್ನೆ ಬದಲು’ ಎಂಬ ಮಂತ್ರವನ್ನೂ ತಡವಾಗಿಯೇ ಹೇಳುತ್ತೇನೆ. 3 × □ + 5 = 20 ಇದ್ದರೆ ಎರಡೂ ಬದಿಯಿಂದ 5 ಕಳೆದು ಬರೆಯಲಿ; ಪಕ್ಷಾಂತರ, ಅಂದರೆ ಸಂಖ್ಯೆಯನ್ನು ಚಿಹ್ನೆ ಬದಲಿಸಿ ಆಚೆ ಬದಿಗೆ ಒಯ್ಯುವುದು, ಏಕೆ ನಡೆಯುತ್ತದೆಂಬುದು ತಾನಾಗಿ ಕಾಣುತ್ತದೆ.

ಸಮಚಿಹ್ನೆಯನ್ನು 1557ರಲ್ಲಿ ಅಚ್ಚಿಗೆ ತಂದವರು ವೇಲ್ಸ್‌ನ ರಾಬರ್ಟ್ ರೆಕಾರ್ಡ್. ‘ಸಮವಾಗಿದೆ’ ಎಂದು ಮತ್ತೆ ಮತ್ತೆ ಬರೆಯುವ ಬೇಸರ ತಪ್ಪಿಸಲು ಸಮಾಂತರ ಗೆರೆಗಳ ಜೋಡಿಯನ್ನು ಆರಿಸಿಕೊಂಡರು. ಅವಕ್ಕಿಂತ ಸಮವಾದ ಎರಡು ವಸ್ತುಗಳಿಲ್ಲ ಎಂಬುದು ಅವರ ವಾದ.

ದೊಡ್ಡ ತರಗತಿಯವರು ಪ್ರೋಗ್ರಾಮಿಂಗ್ ಕಲಿತು ಬಂದಾಗ ಹೊಸ ತಕರಾರು ಶುರುವಾಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಎಣಿಕೆ = ಎಣಿಕೆ + 1’ ಎಂದರೆ ಬಲಬದಿಯ ಬೆಲೆಯನ್ನು ಎಡಬದಿಯ ಹೆಸರಿಗೆ ಕೊಡು ಎಂದು; ಹೋಲಿಸಲು ಎರಡು ಸಮಚಿಹ್ನೆಗಳನ್ನು ಒತ್ತಬೇಕು. ಅದೇ ಸಾಲನ್ನು ಗಣಿತದ ಸಮೀಕರಣವಾಗಿ ಬರೆದು ಎರಡೂ ಬದಿಯಿಂದ ಎಣಿಕೆಯನ್ನು ಕಳೆಯಲು ಹೇಳುತ್ತೇನೆ. ಉಳಿಯುವುದು 0 = 1.