ನೂರು ಗಿಲ್ಡರ್ ಚಿತ್ರದ ಒಂಟೆ

ಡಚ್ ಕಲಾವಿದ ರೆಂಬ್ರಾಂಟ್ 1648ರ ಸುಮಾರಿಗೆ ಮುಗಿಸಿದ, ಹಿಂದಿನ ಡಚ್ ನಾಣ್ಯ ಗಿಲ್ಡರ್‌ನ ಲೆಕ್ಕದಲ್ಲಿ ‘ನೂರು ಗಿಲ್ಡರ್ ಚಿತ್ರ’ ಎಂದು ಹೆಸರಾದ ಎಚ್ಚಿಂಗನ್ನು (ತಾಮ್ರದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಕಾಗದದ ಮೇಲೆ ಅಚ್ಚೊತ್ತಿದ ಚಿತ್ರವನ್ನು) ನಾನು ಹಲವು ವರ್ಷ ತರಗತಿಯಲ್ಲಿ ‘ಯೇಸು ರೋಗಿಗಳನ್ನು ಗುಣಪಡಿಸುವ ದೃಶ್ಯ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಬಲಗಡೆಯ ಕಮಾನಿನಲ್ಲಿ ಒಂಟೆ ಏಕಿದೆ ಎಂದು ಕೇಳಿದಳು. ಪೂರ್ವದೇಶದ ವಾತಾವರಣ ತರಲೆಂದು ಉತ್ತರಿಸಿದೆನಾದರೂ ಆ ಮಾತು ನನಗೇ ಒಪ್ಪಿಗೆಯಾಗಲಿಲ್ಲ.

ಒಂಟೆಯೆಂದರೆ, ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂಬ ಯೇಸುವಿನ ಮಾತು ನೆನಪಾಗಿ, ಅಂದು ರಾತ್ರಿ ಕನ್ನಡ ಬೈಬಲ್ ಆದ ಸತ್ಯವೇದದಲ್ಲಿ ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯವನ್ನು ತೆರೆದಿಟ್ಟುಕೊಂಡು, ಆಮ್ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಜಾಲತಾಣದಲ್ಲಿರುವ ಪ್ರತಿಯನ್ನು ಹಿಗ್ಗಿಸಿ, ಒಂದೊಂದು ವಾಕ್ಯಕ್ಕೂ ಚಿತ್ರದಲ್ಲಿ ಜಾಗ ಹುಡುಕುತ್ತಾ ಹೋದೆ. ಗುಣವಾಗಲು ಬಂದ ಜನ ಬಲಗಡೆ ಇದ್ದಾರೆ. ಅವರಲ್ಲೊಬ್ಬನನ್ನು ಕೈಗಾಡಿಯಲ್ಲಿ ತಂದಿದ್ದಾರೆ. ವಿಚ್ಛೇದನದ ಪ್ರಶ್ನೆ ಎತ್ತಿದ ಫರಿಸಾಯರು, ಅಂದರೆ ಧರ್ಮಶಾಸ್ತ್ರನಿಷ್ಠ ಯೆಹೂದಿ ಪಂಗಡದವರು, ಎಡಗಡೆ ಮೇಲೆ ತಮ್ಮತಮ್ಮಲ್ಲೇ ಚರ್ಚಿಸುತ್ತಿದ್ದಾರೆ. ಮಗುವನ್ನೆತ್ತಿಕೊಂಡು ಬಂದ ತಾಯಿಯನ್ನು ಯೇಸುವಿನ ಶಿಷ್ಯ ಪೇತ್ರ ತಡೆಯುತ್ತಿದ್ದಾನೆ. ಸುವಾರ್ತೆ ಶಿಷ್ಯರು ಗದರಿಸಿದರು ಎನ್ನುತ್ತದೆಯೇ ಹೊರತು ಹೆಸರು ಹೇಳುವುದಿಲ್ಲ. ಆಸ್ತಿಯನ್ನು ಬಿಡಲಾರದ ಯುವಕ ಬಾಯಿಗೆ ಕೈ ಹಚ್ಚಿ ಕುಳಿತಿದ್ದಾನೆ. ಅವನು ದುಃಖದಿಂದ ಎದ್ದುಹೋದ ಮೇಲೆ ಬರುವ ಒಂಟೆಯ ಮಾತು, ಅವನಿನ್ನೂ ಕುಳಿತಿರುವಾಗಲೇ ಎದುರು ಅಂಚಿನಲ್ಲಿ ಬಂದು ನಿಂತಿದೆ. ಒಂದರ ನಂತರ ಒಂದು ನಡೆದದ್ದನ್ನು ರೆಂಬ್ರಾಂಟ್ ಸುಮಾರು 28 ಸೆಂ.ಮೀ. ಎತ್ತರ, 39 ಸೆಂ.ಮೀ. ಅಗಲದ ಒಂದೇ ತಾಮ್ರದ ತಗಡಿನಲ್ಲಿ ಒಟ್ಟಿಗೆ ನಡೆಸಿದ್ದಾನೆ.

ನಾನೂ ತಗಡು ಗೀರುವವನಾದ್ದರಿಂದ ಆಮೇಲೆ ಗೆರೆಗಳನ್ನು ನೋಡಿದೆ. ವಾದ ಮಾಡುವವರಿಗೆ ಆಮ್ಲ ಕೊರೆದ ಕೆಲವೇ ತೆಳು ಗೆರೆಗಳು, ನರಳುವವರಿಗೆ, ಆಮ್ಲವಿಲ್ಲದೆ ಸೂಜಿಯಿಂದ ನೇರವಾಗಿ ತಗಡನ್ನು ಗೀರುವ ಡ್ರೈಪಾಯಿಂಟ್‌ನ ಒತ್ತೊತ್ತಾದ ಕಪ್ಪು. ಕ್ರಿಸ್ತನ ಮುಂದೆ ಕೈಮುಗಿದ ಹೆಂಗಸಿನ ಕೈಗಳ ನೆರಳು ಅವನ ನಿಲುವಂಗಿಯ ಮೇಲೆ ಬಿದ್ದಿದೆ. ತಲೆಯ ಸುತ್ತ ಪ್ರಭೆ ಬರೆದವನೇ ಅವನ ಮೈಮೇಲೆ ಒಬ್ಬ ರೋಗಿಯ ನೆರಳನ್ನೂ ಬೀಳಿಸಿದ್ದು ಅಲಂಕಾರಕ್ಕಾಗಿ ಅಲ್ಲ. ನನ್ನ ಓದಿನಲ್ಲಿ, ಅವಳು ಮುಟ್ಟುವ ಮೊದಲೇ ಅವಳ ಪ್ರಾರ್ಥನೆ ಅವನನ್ನು ಮುಟ್ಟಿದೆ.

ಈಗ ತರಗತಿಯಲ್ಲಿ ಒಂಟೆಯಿಂದಲೇ ಪಾಠ ಆರಂಭಿಸುತ್ತೇನೆ. ಎಡಗಡೆಯ ತುದಿಯಲ್ಲಿ ಅಗಲವಾದ ಟೋಪಿ ಹಾಕಿಕೊಂಡು, ಬೆನ್ನ ಹಿಂದೆ ಕೋಲು ಹಿಡಿದು, ನಮಗೆ ಬೆನ್ನು ಮಾಡಿ ನಿಂತವನಿಗೆ ಮಾತ್ರ ಆ ಅಧ್ಯಾಯದಲ್ಲಿ ವಾಕ್ಯವಿಲ್ಲ. ಅವನನ್ನು ವಿದ್ಯಾರ್ಥಿಗಳಿಗೇ ಬಿಡುತ್ತೇನೆ.