ನೊರೆ ಬಾರದ ಬಟಾಟೆ

ಡೊಂಬಿವಲಿಯ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯವರ ಮಕ್ಕಳು. 'ಕಿಣ್ವ ಅಂದರೆ ಜೈವಿಕ ವೇಗವರ್ಧಕ' ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಹಾಗಂದರೇನು ಅಂತ ಕೇಳಿದರೆ ಮೌನ.

ಮಾಡಿಯೇ ತೋರಿಸೋಣ ಅಂದುಕೊಂಡೆ. ಹಸಿ ಬಟಾಟೆಯಲ್ಲಿ ಕ್ಯಾಟಲೇಸ್ ಎಂಬ ಕಿಣ್ವ ಇದೆ. ಗಾಯ ತೊಳೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡನ್ನು ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ನೊರೆ ಉಕ್ಕುತ್ತದೆ. ಆದರೆ ಮೊದಲ ದಿನ ನಾಲ್ಕು ಗುಳ್ಳೆ ಬಂದವು, ಅಷ್ಟೇ. ಮಕ್ಕಳ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಪೆರಾಕ್ಸೈಡ್ ಬಾಟಲಿ ಹಳೆಯದು, ಕಿಟಕಿ ಪಕ್ಕ ಎರಡು ಬೇಸಿಗೆ ಕಳೆದಿತ್ತು. ಒಳಗಿದ್ದದ್ದು ಹೆಚ್ಚುಕಮ್ಮಿ ಬರೀ ನೀರು.

ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ಪೆರಾಕ್ಸೈಡ್ ತನ್ನಷ್ಟಕ್ಕೇ ಒಡೆಯುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು. ಕಿಣ್ವ ಹೊಸದೇನೂ ಮಾಡುವುದಿಲ್ಲ, ಅದೇ ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತದೆ. ಲೋನಾವಳಾಕ್ಕೆ ಘಾಟಿ ಹತ್ತಿ ಹೋಗುವ ಬದಲು ಸುರಂಗ ಸಿಕ್ಕಿದ ಹಾಗೆ. ಗಾಡಿ ದಾಟಿದ ಮೇಲೂ ಸುರಂಗ ಅಲ್ಲೇ ಇರುತ್ತದೆ, ಅಲ್ವಾ?

ಮರುದಿನ ಮೆಡಿಕಲ್‌ನಿಂದ ಹೊಸ ಬಾಟಲಿ ತಂದೆ. 6% ಇತ್ತು, ಅದರಷ್ಟೇ ನೀರು ಬೆರೆಸಿದೆ. ನಾಲ್ಕು ಗಾಜಿನ ಲೋಟಕ್ಕೆ ಅದನ್ನು ಹಾಕಿದೆ: ಒಂದರಲ್ಲಿ ಬೇರೇನೂ ಇಲ್ಲ, ಒಂದರಲ್ಲಿ ಹಸಿ ಹೋಳು, ಒಂದರಲ್ಲಿ ತುರಿ, ಇನ್ನೊಂದರಲ್ಲಿ ಬೇಯಿಸಿ ಆರಿಸಿದ್ದು. ಹೋಳಿನ ಅಂಚಿಗೆ ಸಣ್ಣ ಗುಳ್ಳೆಗಳು ಮೆತ್ತಿಕೊಂಡವು. ತುರಿದದ್ದು ಮಾತ್ರ ಲೋಟದ ಬಾಯಿವರೆಗೆ ಉಕ್ಕಿತು. ತುರಿಯುವಾಗ ಜೀವಕೋಶಗಳು ಒಡೆದು ಕಿಣ್ವ ಹೊರಗೆ ಬಂದಿರುತ್ತದೆ. ಊದುಬತ್ತಿಯ ಕೆಂಡವನ್ನು ನೊರೆಯೊಳಗೆ ಇಳಿಸಿದೆ. ಆಮ್ಲಜನಕ ತಾಗಿ ಕೆಂಡ ಝಗ್ಗನೆ ಹೊಳೆಯಿತು.

ನೊರೆ ಇಳಿದ ಮೇಲೆ ನೀರು ಬಸಿದು ಅದೇ ತುರಿಗೆ ಹೊಸ ಪೆರಾಕ್ಸೈಡ್ ಹಾಕಿದೆ. ಮತ್ತೆ ನೊರೆ! "ಟೀಚರ್, ಕಿಣ್ವ ಖರ್ಚೇ ಆಗ್ಲಿಲ್ಲ!" ಅಂತ ಒಬ್ಬ ಕೂಗಿದ. ಆ ಮಾತಿಗಾಗಿಯೇ ನಾನು ಕಾದಿದ್ದೆ.

ಬೇಯಿಸಿದ ಬಟಾಟೆ ತಣ್ಣಗೆ ಕೂತಿತ್ತು. ಕಿಣ್ವ ಪ್ರೋಟೀನ್ ಅಂತ 1926ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಸಮ್ನರ್ ಯೂರಿಯೇಸ್ ಎಂಬ ಕಿಣ್ವದ ಹರಳು ತೆಗೆದು ತೋರಿಸಿದ್ದರು. ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆ, ಪೆರಾಕ್ಸೈಡ್ ಕೂರುವ ಜಾಗವೇ ಇರುವುದಿಲ್ಲ. ಬೆಂದ ಮೊಟ್ಟೆ ಮತ್ತೆ ಹಸಿಯಾಗುತ್ತದಾ?

"ಹಸಿ ತುರಿಯನ್ನು ಫ್ರಿಜ್ಜಲ್ಲಿಟ್ಟರೆ?" ಅಂತ ಒಬ್ಬಳು ಕೇಳಿದಳು. ಅದನ್ನೂ ಮಾಡಿದೆವು. ನೊರೆ ನಿಧಾನವಾಗಿ ಬಂತು, ಆದರೆ ಬಂತು.